ತೊಟ್ಟಿಯಲ್ಲಿ ಹುಳು ಹೆಚ್ಚುವ ಲೆಕ್ಕ

ಎರೆಗೊಬ್ಬರದ ತೊಟ್ಟಿ ಕಟ್ಟಿಸಿದವರನ್ನು ಮೂರ್ನಾಲ್ಕು ವರ್ಷ ಬಿಟ್ಟು ಮಾತಾಡಿಸಿದರೆ ಸಾಮಾನ್ಯವಾಗಿ ಕೇಳಿಬರುವ ಮಾತು ಇದು: ಮೊದಲ ವರ್ಷ ಹುಳು ತುಂಬಿ ತುಳುಕುತ್ತಿದ್ದವು, ಆಮೇಲೆ ಯಾಕೋ ಕಮ್ಮಿಯಾದವು, ಈಗ ಮತ್ತೆ ಎರಡು ಕಿಲೋ ತರಬೇಕು. ಎಮ್ಮೆ ಸತ್ತರೆ ಇನ್ನೊಂದು ಎಮ್ಮೆ ತರುವುದು ಸರಿ. ಆದರೆ ಒಂದೂವರೆ ತಿಂಗಳಲ್ಲಿ ಮೊಟ್ಟೆಯಿಂದ ಮೊಟ್ಟೆಯವರೆಗಿನ ಬದುಕು ಮುಗಿಸುವ ಜೀವಿಯನ್ನು ವರ್ಷವರ್ಷವೂ ಹಣ ಕೊಟ್ಟು ತರುವುದೆಂದರೆ ಎಲ್ಲೋ ಏನೋ ತಪ್ಪಿದೆ ಎಂದೇ ಅರ್ಥ. ತಪ್ಪಿರುವುದು ಎಲ್ಲಿ ಎಂದು ನೋಡಲು ಹುಳು ಹೇಗೆ ಹುಟ್ಟುತ್ತದೆ, ಎಷ್ಟು ಹುಟ್ಟುತ್ತದೆ, ಹುಟ್ಟಿದ್ದರಲ್ಲಿ ಎಷ್ಟು ಉಳಿಯುತ್ತದೆ, ಉಳಿಯದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಬೇಕು. ನಮ್ಮಲ್ಲಿ ಎರೆಗೊಬ್ಬರದ ಲಾಭದ ಬಗ್ಗೆ ಬೇಕಾದಷ್ಟು ಬರಹ ಬಂದಿದೆ. ಹುಳುವಿನ ಸಂಸಾರದ ಬಗ್ಗೆ ಬಂದಿರುವುದು ಕಡಿಮೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಮಳೆ ಬಿದ್ದಾಗ ಗದ್ದೆಯ ಬದುವಿನಲ್ಲಿ ಮೇಲೆ ಬರುವ ಹುಳುಗಳನ್ನೆಲ್ಲ ಹೆಕ್ಕಿ ತಂದು ತೊಟ್ಟಿಗೆ ಸುರಿದರೆ ಅವು ಅಲ್ಲಿ ಬಾಳುವುದಿಲ್ಲ. ಫ್ರಾನ್ಸಿನ ಮಾರ್ಸೆಲ್ ಬುಶೆ 1970ರ ದಶಕದಲ್ಲಿ ಎರೆಹುಳುಗಳನ್ನು ಅವು ವಾಸಿಸುವ ಪದರಕ್ಕೆ ತಕ್ಕಂತೆ ಮೂರು ಗುಂಪಾಗಿ ವಿಂಗಡಿಸಿದರು. ನೆಲದ ಮೇಲಿನ ತರಗು, ಸಗಣಿಗಳಲ್ಲೇ ಇರುವವು ಒಂದು ಗುಂಪು. ಆಳಕ್ಕೆ ಬಿಲ ತೋಡಿ ರಾತ್ರಿ ಮೇಲೆ ಬಂದು ಎಲೆ ಎಳೆದುಕೊಂಡು ಹೋಗುವವು ಇನ್ನೊಂದು. ಮಣ್ಣಿನೊಳಗೇ ಇದ್ದು ಮಣ್ಣನ್ನೇ ತಿನ್ನುವವು ಮೂರನೆಯವು. ತೊಟ್ಟಿಗೆ ಬೇಕಾದದ್ದು ಮೊದಲನೆಯ ಗುಂಪು ಮಾತ್ರ. ಇವು ಗಾತ್ರದಲ್ಲಿ ಸಣ್ಣವು, ಬಣ್ಣದಲ್ಲಿ ಕೆಂಪು ಅಥವಾ ನೇರಳೆಗೆಂಪು. ಆಯುಸ್ಸು ಕಡಿಮೆ, ಮರಿ ಹೆಚ್ಚು. ನೆಲದ ಮೇಲೆ ಬದುಕುವ ಹುಳುವನ್ನು ಹಕ್ಕಿ ತಿನ್ನುತ್ತದೆ, ಬಿಸಿಲು ಒಣಗಿಸುತ್ತದೆ. ಹೀಗಾಗಿ ಬೇಗ ಬೆಳೆದು ಬೇಗ ಮೊಟ್ಟೆಯಿಡುವ ಹುಳುಗಳೇ ಅಲ್ಲಿ ವಂಶ ಉಳಿಸಿಕೊಂಡವು. ಆಳದ ಹುಳುವಿಗೆ ಆ ಅವಸರವಿಲ್ಲ. ಅದು ವರ್ಷಕ್ಕೆ ಇಡುವ ಮೊಟ್ಟೆ ಎಷ್ಟೋ ಕಡಿಮೆ.

ಕರ್ನಾಟಕದ ತೊಟ್ಟಿಗಳಲ್ಲಿ ಕಾಣುವುದು ಮುಖ್ಯವಾಗಿ ಮೂರು ಜಾತಿ. ಆಫ್ರಿಕಾ ಮೂಲದ ಯೂಡ್ರಿಲಸ್ ಯುಜೀನಿಯೇ, ಯುರೋಪಿನ ಕಡೆಯಿಂದ ಬಂದ ಐಸೀನಿಯಾ ಫೆಟಿಡಾ, ನಮ್ಮದೇ ಏಷ್ಯಾದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಲ್ಲಿ ಡಾ. ರಾಧಾ ಕಾಳೆ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ನಡೆಸಿದ ಕೆಲಸ ಈ ಹುಳುಗಳನ್ನು ನಮ್ಮ ರೈತರ ಹಿತ್ತಿಲಿಗೆ ತಂದಿತು. ಯೂಡ್ರಿಲಸ್ ದೊಡ್ಡದು, ಗೇಣುದ್ದ ಬೆಳೆಯುತ್ತದೆ, ಹೊಟ್ಟೆಬಾಕ. ಐಸೀನಿಯಾ ಮೈಮೇಲೆ ಅಡ್ಡ ಪಟ್ಟೆಗಳಿರುವ ಗಟ್ಟಿ ಹುಳು, ಚಳಿಯನ್ನೂ ತಡೆಯುತ್ತದೆ, ಸೆಖೆಯನ್ನೂ ಒಂದು ಮಟ್ಟಿಗೆ ತಡೆಯುತ್ತದೆ. ಪೆರಿಯೋನಿಕ್ಸ್ ತೆಳ್ಳಗೆ, ಬೆಳಕಿಗೆ ಹಿಡಿದರೆ ನೀಲಿ ಮಿಂಚುತ್ತದೆ, ಮುಟ್ಟಿದರೆ ಚಿಮ್ಮಿ ಓಡುತ್ತದೆ. ಮಳೆ ಹಿಡಿದ ರಾತ್ರಿ ತೊಟ್ಟಿ ಬಿಟ್ಟು ಗುಳೆ ಹೊರಡುವುದು ಹೆಚ್ಚಾಗಿ ಇದೇ.

ಹುಳುವಿಗೆ ಹುಳು ಹುಟ್ಟುವ ಬಗೆ

ಎರೆಹುಳು ಉಭಯಲಿಂಗಿ. ಪ್ರತಿ ಹುಳುವಿನಲ್ಲೂ ಗಂಡಿನ ಅಂಗವೂ ಇದೆ, ಹೆಣ್ಣಿನ ಅಂಗವೂ ಇದೆ. ಹಾಗೆಂದು ಒಂದೇ ಹುಳು ತಾನೇ ತಾನಾಗಿ ಮರಿ ಮಾಡುತ್ತದೆ ಎಂದು ತಿಳಿಯಬಾರದು. ಕೆಲವು ಜಾತಿಗಳಲ್ಲಿ ಅಪರೂಪಕ್ಕೆ ಹಾಗೆ ಆಗುವುದು ದಾಖಲಾಗಿದೆ. ತೊಟ್ಟಿಯ ಸಂತತಿ ನಿಂತಿರುವುದು ಮಾತ್ರ ಎರಡು ಹುಳುಗಳ ಕೂಡುವಿಕೆಯ ಮೇಲೆ. ಪ್ರಾಯಕ್ಕೆ ಬಂದ ಹುಳುವನ್ನು ಗುರುತಿಸುವುದು ಸುಲಭ. ಮೈಯ ಮುಂಭಾಗದಲ್ಲಿ ಸುತ್ತಲೂ ಉಬ್ಬಿದ, ಸ್ವಲ್ಪ ಬೇರೆ ಬಣ್ಣದ ಒಂದು ಪಟ್ಟಿ ಇರುತ್ತದೆ. ವಿಜ್ಞಾನದಲ್ಲಿ ಅದಕ್ಕೆ ಕ್ಲೈಟೆಲಮ್ ಎನ್ನುತ್ತಾರೆ. ನಮ್ಮ ಪಿಯುಸಿ ಪುಸ್ತಕಗಳಲ್ಲಿ ಹಿಂದೆ ಚಿತ್ರವಿದ್ದ ಫೆರೆಟಿಮಾ ಎಂಬ ಎರೆಹುಳುವಿನಲ್ಲಿ ಈ ಪಟ್ಟಿ 14ರಿಂದ 16ನೇ ಉಂಗುರದವರೆಗೆ. ತೊಟ್ಟಿಯ ಐಸೀನಿಯಾದಲ್ಲಿ ಇನ್ನೂ ಹಿಂದಕ್ಕೆ, 25ನೇ ಉಂಗುರದ ಆಚೀಚೆಯಿಂದ 32ರ ಆಚೀಚೆಗೆ. ಪಟ್ಟಿಯಿಲ್ಲದ ಹುಳು ಎಷ್ಟು ಉದ್ದವಿದ್ದರೂ ಇನ್ನೂ ಮೊಟ್ಟೆಯಿಡುವ ಹುಳುವಲ್ಲ. ಹುಳು ಕೊಳ್ಳುವವರು ತೂಕವನ್ನಷ್ಟೇ ನೋಡದೆ ಪಟ್ಟಿಯನ್ನೂ ನೋಡಬೇಕು.

ಕೂಡುವಾಗ ಎರಡು ಹುಳುಗಳು ತಲೆ ವಿರುದ್ಧ ದಿಕ್ಕಿಗೆ ಇರುವಂತೆ ಹೊಟ್ಟೆಗೆ ಹೊಟ್ಟೆ ತಾಗಿಸಿ ಮಲಗುತ್ತವೆ. ಲೋಳೆ ಎರಡನ್ನೂ ಅಂಟಿಸಿ ಹಿಡಿಯುತ್ತದೆ. ಗಂಟೆಗಟ್ಟಲೆ ಹಾಗೆಯೇ ಇದ್ದು ಪರಸ್ಪರ ವೀರ್ಯ ಬದಲಾಯಿಸಿಕೊಳ್ಳುತ್ತವೆ. ಇನ್ನೊಂದರಿಂದ ಪಡೆದ ವೀರ್ಯವನ್ನು ಪ್ರತಿ ಹುಳು ತನ್ನ ಮೈಯೊಳಗಿನ ಪುಟ್ಟ ಚೀಲಗಳಲ್ಲಿ ಕೂಡಿಟ್ಟುಕೊಂಡು ಬೇರೆಯಾಗುತ್ತದೆ. ಮೊಟ್ಟೆಯಿಡುವ ಕೆಲಸ ಶುರುವಾಗುವುದು ಆಮೇಲೆ, ಒಂಟಿಯಾಗಿ. ಪಟ್ಟಿಯ ಮೇಲೆ ಲೋಳೆ ಒಸರಿ ಒಂದು ಬಳೆಯಂತೆ ಗಟ್ಟಿಯಾಗುತ್ತದೆ. ಹುಳು ಆ ಬಳೆಯಿಂದ ಹಿಂದಕ್ಕೆ ಜಾರಿಕೊಳ್ಳುತ್ತ ಹೋಗುತ್ತದೆ. ಬಳೆ ಮುಂದಕ್ಕೆ ಸಾಗುವಾಗ ಹೆಣ್ಣಿನ ರಂಧ್ರದಿಂದ ಅಂಡಗಳು ಅದರೊಳಕ್ಕೆ ಬೀಳುತ್ತವೆ, ಇನ್ನೂ ಮುಂದೆ ಕೂಡಿಟ್ಟ ವೀರ್ಯ ಬೀಳುತ್ತದೆ. ಕೊನೆಗೆ ತಲೆಯಿಂದ ಕಳಚಿದಾಗ ಬಳೆಯ ಎರಡು ತುದಿಗಳೂ ಮುಚ್ಚಿಕೊಂಡು ಒಂದು ಕೋಶವಾಗುತ್ತದೆ. ಐಸೀನಿಯಾದಲ್ಲಿ ಗರ್ಭ ಕಟ್ಟುವುದು ತಾಯಿಯ ಮೈಯೊಳಗಲ್ಲ, ಈ ಕೋಶದೊಳಗೆ. ಮರಿಗಳಿಗೆ ಬೇಕಾದ ಆಹಾರವೂ ಅದರೊಳಗೇ ತುಂಬಿರುತ್ತದೆ.

ಮೊಟ್ಟೆಕೋಶ ನೋಡಲು ಒಂದು ಪುಟಾಣಿ ನಿಂಬೆಕಾಯಿಯ ಆಕಾರ, ಎರಡು ತುದಿ ಚೂಪು. ಐಸೀನಿಯಾದ್ದು ಐದು ಮಿಲಿಮೀಟರಿಗಿಂತ ತುಸು ಕಡಿಮೆ ಉದ್ದ, ಮೂರು ಮಿಲಿಮೀಟರಿಗಿಂತ ತುಸು ಕಡಿಮೆ ದಪ್ಪ. ಹೊಸದಾಗಿ ಇಟ್ಟದ್ದು ಹಳದಿ ಬಿಳುಪು, ದಿನ ಹೋದಂತೆ ಕಂದು, ಒಡೆಯುವ ಹೊತ್ತಿಗೆ ಕೆಂಪು ಕಂದು. ಒಡೆದಾಗ ಹೊರಗೆ ಬರುವ ಮರಿ ಬಿಳಿ ದಾರದ ತುಂಡಿನಷ್ಟು. ಬರಿಗಣ್ಣಿಗೆ ಕಾಣುತ್ತದೆ, ಆದರೆ ಹುಡುಕುವ ಕಣ್ಣಿಗೆ ಮಾತ್ರ. ಈ ಕೋಶಗಳನ್ನು ಗೊಬ್ಬರದಲ್ಲಿ ಯಾವುದೋ ಬೀಜವೆಂದು ತಿಳಿದು ಆರಿಸಿ ಎಸೆಯುವವರೂ ಇದ್ದಾರೆ. ಕೆಲಸಕ್ಕೆ ಬರುವವರಿಗೆ ಮೊದಲ ದಿನವೇ ಒಂದು ಕೋಶವನ್ನು ಅಂಗೈ ಮೇಲಿಟ್ಟು ತೋರಿಸುವುದು ಒಳ್ಳೆಯದು.

ಕಾಗದದ ಮೇಲಿನ ಲೆಕ್ಕ

ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿದ್ದು ಆಮೇಲೆ ಅಮೆರಿಕದ ಓಹಾಯೊ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಹೋದ ಕ್ಲೈವ್ ಎಡ್ವರ್ಡ್ಸ್, ಸ್ಪೇನಿನ ವೀಗೊ ವಿಶ್ವವಿದ್ಯಾನಿಲಯದ ಹೋರ್ಹೆ ಡೊಮಿಂಗೆಜ್, ಇಂಥವರು ದಶಕಗಳ ಕಾಲ ಈ ಹುಳುಗಳ ಮೊಟ್ಟೆ ಎಣಿಸಿದ್ದಾರೆ. ಅನುಕೂಲವಾದ ವಾತಾವರಣದಲ್ಲಿ ಪ್ರಾಯದ ಐಸೀನಿಯಾ ದಿನಕ್ಕೆ 0.35ರಿಂದ 0.5 ಕೋಶ ಇಡುತ್ತದೆ, ಅಂದರೆ ಎರಡು ಮೂರು ದಿನಕ್ಕೊಂದು. ಕೋಶ 18ರಿಂದ 26 ದಿನಕ್ಕೆ ಒಡೆಯುತ್ತದೆ. ನೂರಕ್ಕೆ 73ರಿಂದ 80 ಕೋಶಗಳಲ್ಲಿ ಮರಿಯಾಗುತ್ತದೆ, ಒಂದೊಂದರಿಂದ ಸರಾಸರಿ ಎರಡೂವರೆಯಿಂದ ಮೂರೂ ಮುಕ್ಕಾಲು ಮರಿ. ಯೂಡ್ರಿಲಸ್‌ನದು ಬಹುಮಟ್ಟಿಗೆ ಇದೇ ವೇಗ: ದಿನಕ್ಕೆ 0.42ರಿಂದ 0.51 ಕೋಶ, ಒಡೆಯಲು 12ರಿಂದ 16 ದಿನ, ಕೋಶಕ್ಕೆ ಎರಡರಿಂದ 2.7 ಮರಿ. ಪೆರಿಯೋನಿಕ್ಸ್‌ನದು ಬೇರೆಯೇ ದಾರಿ. ದಿನಕ್ಕೊಂದಕ್ಕಿಂತ ಹೆಚ್ಚು ಕೋಶ ಇಡುತ್ತದೆ, ಆದರೆ ಕೋಶಕ್ಕೆ ಸಾಮಾನ್ಯವಾಗಿ ಒಂದೇ ಮರಿ. ನೂರಕ್ಕೆ 90 ಕೋಶ ಫಲಿಸುತ್ತವೆ. ಐಸೀನಿಯಾ ಮತ್ತು ಪೆರಿಯೋನಿಕ್ಸ್‌ನ ಮೊಟ್ಟೆಯಿಂದ ಮೊಟ್ಟೆಯವರೆಗಿನ ಜೀವನಚಕ್ರ 40ರಿಂದ 51 ದಿನದೊಳಗೆ ಮುಗಿಯುತ್ತದೆ, ಯೂಡ್ರಿಲಸ್‌ಗೆ 50ರಿಂದ 70 ದಿನ ಬೇಕು.

ಈಗ ನೂರು ಪ್ರಾಯದ ಐಸೀನಿಯಾ ಹುಳು ತೆಗೆದುಕೊಳ್ಳಿ. ಕಡಿಮೆಯೆಂದರೂ ದಿನಕ್ಕೆ 35 ಕೋಶ, ತಿಂಗಳಿಗೆ ಸಾವಿರದ ಐವತ್ತು. ಮುಕ್ಕಾಲು ಪಾಲು ಫಲಿಸಿ ಕೋಶಕ್ಕೆ ಎರಡೂವರೆ ಮರಿಯೆಂದರೆ ಒಂದೇ ತಿಂಗಳ ಮೊಟ್ಟೆಯಿಂದ ಹತ್ತಿರ ಹತ್ತಿರ ಎರಡು ಸಾವಿರ ಮರಿ. ಕಾಗದದ ಮೇಲೆ ನೂರು ಹುಳು ಇಪ್ಪತ್ತು ಪಟ್ಟಾಯಿತು. ಹುಳು ಮಾರುವವರ ಕರಪತ್ರಗಳಲ್ಲಿ ಕಾಣುವ ಲಕ್ಷ, ಕೋಟಿಗಳ ಲೆಕ್ಕ ಹುಟ್ಟುವುದು ಇಲ್ಲಿಯೇ. ನಿಜವಾದ ತೊಟ್ಟಿಯಲ್ಲಿ, ಚೆನ್ನಾಗಿ ನೋಡಿಕೊಂಡರೂ, ಹುಳು ಎರಡು ಪಟ್ಟಾಗಲು ಎರಡರಿಂದ ಮೂರು ತಿಂಗಳು ಬೇಕು ಎಂಬುದು ಈ ಕೆಲಸದಲ್ಲಿ ಪಳಗಿದವರ ಸಾಮಾನ್ಯ ಅಂದಾಜು. ಇಪ್ಪತ್ತು ಪಟ್ಟು ಎಲ್ಲಿ, ಎರಡು ಪಟ್ಟು ಎಲ್ಲಿ? ಹುಳು ಮೊಟ್ಟೆಯಿಡುವುದರಲ್ಲಿ ಸೋಮಾರಿಯಲ್ಲ ಎಂಬುದು ಲೆಕ್ಕದಿಂದ ಸ್ಪಷ್ಟ. ಹಾಗಾದರೆ ನಮ್ಮ ಪ್ರಯತ್ನವೆಲ್ಲ ಹುಳುವನ್ನು ಹೆಚ್ಚು ಮೊಟ್ಟೆಯಿಡಿಸುವ ಕಡೆಗಿರಬೇಕಾಗಿಲ್ಲ. ಇಟ್ಟ ಮೊಟ್ಟೆ, ಹುಟ್ಟಿದ ಮರಿ ಉಳಿಯುವಂತೆ ಮಾಡುವ ಕಡೆಗಿರಬೇಕು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ.

ಇಕ್ಕಟ್ಟು, ಹಸಿವು, ವಿಷ

ನಷ್ಟದ ಮೊದಲ ಕಾರಣ ಇಕ್ಕಟ್ಟು. ಜಾಗಕ್ಕೆ, ಆಹಾರಕ್ಕೆ ಮೀರಿ ಹುಳು ಸೇರಿದಾಗ ಅವು ಸಣ್ಣಗಾಗುತ್ತವೆ, ಬೆಳವಣಿಗೆ ನಿಧಾನವಾಗುತ್ತದೆ, ಇಡುವ ಕೋಶ ಕಡಿಮೆಯಾಗುತ್ತದೆ. ತುಂಬಿದ ತೊಟ್ಟಿ ಕಣ್ಣಿಗೆ ಸಮೃದ್ಧವಾಗಿ ಕಾಣುತ್ತದೆ, ಆದರೆ ಸಂತತಿ ಬೆಳೆಯುವುದು ಅಲ್ಲಿ ಬಹುಮಟ್ಟಿಗೆ ನಿಂತಿರುತ್ತದೆ. ಇಲ್ಲಿ ಒಂದು ಪ್ರಯೋಗದ ಫಲಿತಾಂಶ ಬಹಳ ಬೆಲೆಯುಳ್ಳದ್ದು. ಅಮೆರಿಕದ ಜಾರ್ಜಿಯಾ ವಿಶ್ವವಿದ್ಯಾನಿಲಯದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐಸೀನಿಯಾ ಹುಳುಗಳಿಗೆ ಚರಂಡಿ ಕೆಸರು ಮತ್ತು ಕಾಗದದ ಚೂರು ಉಣಿಸಿ ಬೇರೆ ಬೇರೆ ಸಾಂದ್ರತೆ, ಬೇರೆ ಬೇರೆ ಪ್ರಮಾಣದ ಆಹಾರ ಪರೀಕ್ಷಿಸಿದರು. ಚದರ ಮೀಟರಿಗೆ 1.6 ಕಿಲೋ ಹುಳುವಿದ್ದಾಗ, ಕಿಲೋ ಹುಳುವಿಗೆ ದಿನಕ್ಕೆ 1.25 ಕಿಲೋ ಆಹಾರ ಕೊಟ್ಟರೆ ಹುಳುವಿನ ಮೈ ಅತಿ ಹೆಚ್ಚು ಬೆಳೆಯಿತು. ಅತ್ಯುತ್ತಮ ಗೊಬ್ಬರ ಸಿಕ್ಕಿದ್ದು ಅಷ್ಟೇ ಹುಳುವಿಗೆ 0.75 ಕಿಲೋ ಕೊಟ್ಟಾಗ.

ಅಂದರೆ ಹುಳು ಬೆಳೆಸುವುದೂ ಗೊಬ್ಬರ ಮಾಡುವುದೂ ಒಂದೇ ಕೆಲಸವಲ್ಲ. ಗೊಬ್ಬರ ಚೆನ್ನಾಗಿ ಆಗಬೇಕಾದರೆ ಹುಳು ಪ್ರತಿ ಕಣವನ್ನೂ ತಿಂದು ಮುಗಿಸಬೇಕು, ಸ್ವಲ್ಪ ಹಸಿದೇ ಇರಬೇಕು. ಹುಳು ಹೆಚ್ಚಬೇಕಾದರೆ ಮುಂದಿನ ಊಟ ಯಾವಾಗಲೂ ಎದುರಿಗಿರಬೇಕು. ನಮ್ಮ ಬಹುತೇಕ ತೊಟ್ಟಿಗಳಲ್ಲಿ ಒಂದೇ ಸಲ ತುಂಬಿಸಿ, ಎರಡು ಎರಡೂವರೆ ತಿಂಗಳು ಮುಚ್ಚಿಟ್ಟು, ಪೂರ್ತಿ ಕಪ್ಪಾದ ಮೇಲೆ ತೆಗೆಯುವ ಪದ್ಧತಿ. ಕೊನೆಯ ಮೂರು ವಾರ ಆ ಹುಳುಗಳಿಗೆ ತಿನ್ನಲು ತಮ್ಮದೇ ಹಿಕ್ಕೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಮರಿಗಳು ಹೆಚ್ಚಾಗಿ ಹೊರಬೀಳುವುದೂ ಅದೇ ಹೊತ್ತಿನಲ್ಲಿ. ಸಂತತಿ ಕುಗ್ಗದೆ ಇನ್ನೇನಾದೀತು?

ತೇವ ಎರಡನೆಯದು. ಎರೆಹುಳುವಿಗೆ ಶ್ವಾಸಕೋಶವಿಲ್ಲ, ತೊಯ್ದ ಚರ್ಮದ ಮೂಲಕವೇ ಉಸಿರಾಟ. ಮೂರೂ ಜಾತಿಗೆ ತೂಕದಲ್ಲಿ ನೂರಕ್ಕೆ 75ರಿಂದ 85ರಷ್ಟು ತೇವ ಒಗ್ಗುತ್ತದೆ. ಒಂದು ಹಿಡಿ ತೆಗೆದು ಬಲವಾಗಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಮೂಡಬೇಕು, ಧಾರೆ ಇಳಿಯಬಾರದು. ದೊಡ್ಡ ಹುಳು ಒಣ ಪದರ ಬಿಟ್ಟು ಕೆಳಗೆ ಇಳಿದು ಬದುಕಿಕೊಳ್ಳುತ್ತದೆ. ದಾರದಂಥ ಮರಿಗೆ ಅಷ್ಟು ಓಟವಿಲ್ಲ, ಎರಡು ದಿನ ನೀರು ತಪ್ಪಿದರೆ ಮೇಲಿನ ಪದರದಲ್ಲೇ ಸಾಯುತ್ತದೆ. ಸತ್ತದ್ದು ನಮಗೆ ಗೊತ್ತೂ ಆಗುವುದಿಲ್ಲ, ಏಕೆಂದರೆ ಅಷ್ಟು ಸಣ್ಣ ಹೆಣ ಒಂದೇ ದಿನದಲ್ಲಿ ಕರಗಿಹೋಗುತ್ತದೆ. ಕೋಶ ಮಾತ್ರ ಇವೆಲ್ಲಕ್ಕಿಂತ ಗಟ್ಟಿ. ಸ್ವಲ್ಪ ಒಣಗಿದರೂ ತಡೆದುಕೊಂಡು, ತೇವ ಸಿಕ್ಕಾಗ ಒಡೆಯುತ್ತದೆ. ಒಣಗಿ ಬಿಟ್ಟ ತೊಟ್ಟಿಗೆ ಮಳೆಗಾಲದಲ್ಲಿ ತಾನಾಗಿ ಹುಳು ಬಂತು ಎಂದು ಅಚ್ಚರಿಪಡುವವರು ನೋಡಿರುವುದು ಇದನ್ನೇ.

ಬಿಸಿಯ ವಿಷಯದಲ್ಲಿ ಕರ್ನಾಟಕವನ್ನೆಲ್ಲ ಒಂದೇ ಅಳತೆಯಲ್ಲಿ ನೋಡಲಾಗದು. ಐಸೀನಿಯಾಕ್ಕೂ ಯೂಡ್ರಿಲಸ್‌ಗೂ ಹಿತವಾದದ್ದು 25 ಡಿಗ್ರಿಯ ಆಸುಪಾಸು. ಯೂಡ್ರಿಲಸ್ 30 ದಾಟಿದರೆ ಸೊರಗುತ್ತದೆ, 16ಕ್ಕಿಂತ ಕೆಳಗೂ ಅದಕ್ಕೆ ಆಗದು. ಐಸೀನಿಯಾ 35ರವರೆಗೆ ಹೇಗೋ ತಡೆಯುತ್ತದೆ. ಪೆರಿಯೋನಿಕ್ಸ್‌ಗೆ 25ರಿಂದ 37 ಡಿಗ್ರಿ ಒಗ್ಗುತ್ತದೆ. ರಾಯಚೂರು, ಕಲಬುರಗಿಗಳಲ್ಲಿ ಏಪ್ರಿಲ್, ಮೇ ತಿಂಗಳ ಹಗಲು 40 ಡಿಗ್ರಿ ದಾಟುತ್ತದೆ. ಅಲ್ಲಿ ತಗಡಿನ ಶೀಟಿನ ಕೆಳಗೆ ಸಿಮೆಂಟ್ ತೊಟ್ಟಿ ಕಟ್ಟಿ ಯೂಡ್ರಿಲಸ್ ಬಿಡುವುದು ಹುಳುವಿಗೆ ಮಾಡುವ ಅನ್ಯಾಯ. ಹುಲ್ಲಿನ ಇಲ್ಲವೇ ಗರಿಯ ಚಪ್ಪರ, ನೆಲಕ್ಕೆ ಅರ್ಧ ಇಳಿದ ಗುಂಡಿ, ಮೇಲೆ ದಪ್ಪ ಗೋಣಿತಾಟು, ಬೇವಿನ ನೆರಳು ಇವಿಷ್ಟಿದ್ದರೆ ಅಲ್ಲಿಯೂ ಹುಳು ಬೇಸಿಗೆ ದಾಟುತ್ತದೆ. ಮಲೆನಾಡಿನಲ್ಲಿ ತೊಂದರೆ ಬಿಸಿಲಿನದ್ದಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಎರಚಲಿನದ್ದು. ತಳದಲ್ಲಿ ನೀರು ನಿಂತರೆ ಗಾಳಿ ಇಲ್ಲದಾಗಿ ಹುಳು ಗೋಡೆ ಹತ್ತುತ್ತವೆ. ಸಂತತಿ ಹೆಚ್ಚಿಸುವ ಕೆಲಸಕ್ಕೆ ರಾಜ್ಯದ ಬಹುಭಾಗದಲ್ಲಿ ಮಳೆ ಹಿಂದೆ ಸರಿದ ಮೇಲಿನ ನಾಲ್ಕು ತಿಂಗಳೇ ಒಳ್ಳೆಯ ಕಾಲ.

ಇನ್ನು ವಿಷ. ಈ ಭಾಗದ ಮೇಲೆ ನಾನು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಅತ್ಯಂತ ಕಡಿಮೆ ಚರ್ಚೆಯಾಗಿರುವುದು ಇದೇ. ಮಣ್ಣಿಗೆ ಸೇರುವ ರಾಸಾಯನಿಕಗಳ ಅಪಾಯವನ್ನು ಅಳೆಯಲು ಜಗತ್ತಿನಾದ್ಯಂತ ಬಳಸುವ ಪರೀಕ್ಷಾಜೀವಿ ನಮ್ಮ ತೊಟ್ಟಿಯ ಇದೇ ಐಸೀನಿಯಾ. ಹಲವು ದೇಶಗಳ ಆರ್ಥಿಕ ಸಹಕಾರ ಸಂಸ್ಥೆಯಾದ ಒಇಸಿಡಿ 1984ರಲ್ಲಿ ಮೊದಲು ಮಾಡಿದ ಪರೀಕ್ಷಾ ನಿಯಮದಲ್ಲಿ ಹುಳು ಸಾಯುತ್ತದೆಯೇ ಎಂದಷ್ಟೇ ನೋಡುತ್ತಿದ್ದರು. 2004ರಲ್ಲಿ ಇನ್ನೊಂದು ನಿಯಮ ಬಂತು. ಅದರಲ್ಲಿ ಪ್ರಾಯದ ಹುಳುಗಳನ್ನು ನಾಲ್ಕು ವಾರ ಮಣ್ಣಿನಲ್ಲಿಟ್ಟು ತೆಗೆದು, ಇನ್ನೂ ನಾಲ್ಕು ವಾರ ಕಾದು ಮರಿಗಳನ್ನು ಎಣಿಸುತ್ತಾರೆ. ಇಷ್ಟು ತಾಳ್ಮೆಯ ಪರೀಕ್ಷೆ ಬೇಕಾದದ್ದು ಏಕೆಂದರೆ, ಅನೇಕ ವಿಷಗಳು ಹುಳುವನ್ನು ಕೊಲ್ಲುವ ಮಟ್ಟಕ್ಕಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲೇ ಅದರ ಮೊಟ್ಟೆಯನ್ನು ನಿಲ್ಲಿಸಿಬಿಡುತ್ತವೆ. ತಾಮ್ರ ಅಂಥದ್ದು. ಮಲೆನಾಡು, ಕರಾವಳಿಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯದೆ ಮಳೆಗಾಲ ದಾಟುವುದಿಲ್ಲ. ಬೋರ್ಡೋದಲ್ಲಿರುವುದು ಮೈಲುತುತ್ತ, ಅಂದರೆ ತಾಮ್ರವೇ. ಹೊಸದಾಗಿ ಔಷಧಿ ಬಿದ್ದ ಸೋಗೆ, ಹಾಳೆ, ಕಾಯಿಸಿಪ್ಪೆಯನ್ನೇ ಕೊಚ್ಚಿ ತೊಟ್ಟಿಗೆ ತುಂಬಿದರೆ ಹುಳು ಓಡಾಡಿಕೊಂಡೇ ಇರುತ್ತವೆ, ಮರಿ ಮಾತ್ರ ಕಾಣುವುದಿಲ್ಲ. ಗೊಬ್ಬರಕ್ಕೆ ಬಳಸುವ ಸೋಗೆಯನ್ನು ಮಳೆಗಾಲದ ಸಿಂಪಡಣೆಗೆ ಮುಂಚೆ, ಬೇಸಿಗೆಯಲ್ಲೇ ಕೂಡಿಟ್ಟುಕೊಳ್ಳುವುದು ಕ್ಷೇಮ. ಹಾಗೆಯೇ ದನಕರುಗಳಿಗೆ ಜಂತಿನ ಔಷಧಿ ಕುಡಿಸಿದ ಮೇಲಿನ ಎರಡು ವಾರದ ಸಗಣಿಯನ್ನು ಹುಳುವಿನ ತೊಟ್ಟಿಗೆ ಹಾಕದೆ ತಿಪ್ಪೆಗೆ ಹಾಕಿ.

ಹಸಿ ಸಗಣಿಯ ಅಪಾಯ ಎಲ್ಲರಿಗೂ ಗೊತ್ತಿದ್ದರೂ ಅವಸರದಲ್ಲಿ ಮರೆಯುವಂಥದ್ದು. ಅದರಲ್ಲಿ ಬಿಸಿಯೇಳುತ್ತದೆ, ಗಂಜಲ ಸೇರಿದ್ದರೆ ಅಮೋನಿಯಾ ಏಳುತ್ತದೆ. ಗ್ರಾಂಗೆ ಒಂದು ಮಿಲಿಗ್ರಾಂ ಅಮೋನಿಯಾ, ನೂರಕ್ಕೆ ಅರ್ಧದಷ್ಟು ಉಪ್ಪು ಇವು ಐಸೀನಿಯಾ ತಡೆಯಬಲ್ಲ ಮಿತಿ. ಕೋಳಿಗೊಬ್ಬರ ಎರಡನ್ನೂ ಸುಲಭವಾಗಿ ಮೀರುತ್ತದೆ. ಸಗಣಿಯನ್ನು ನೆರಳಿನಲ್ಲಿ ಹದಿನೈದು ಇಪ್ಪತ್ತು ದಿನ ಹರಡಿಟ್ಟು, ಒಳಗೆ ಕೈ ಇಟ್ಟರೆ ತಣ್ಣಗಿದೆ ಎನಿಸಿದ ಮೇಲೆ ಕೊಡಬೇಕು. ಗೋಬರ್ ಗ್ಯಾಸಿನ ಬಗ್ಗಡವಾದರೆ ಆರಿಸಿ ಕೊಟ್ಟರೆ ಸಾಕು.

ಇರುವೆ, ಇಲಿ, ಹೆಗ್ಗಣ, ಕಪ್ಪೆ, ಜರಿ, ಕೆಂಬೂತ, ಮನೆಯ ಕೋಳಿ ಇವೆಲ್ಲ ಹುಳುವಿನ ಶತ್ರುಗಳು. ತೊಟ್ಟಿಯ ಸುತ್ತ ನೀರಿನ ಸಣ್ಣ ಕಾಲುವೆ, ಮೇಲೆ ಬಲೆ ಇದ್ದರೆ ಮುಕ್ಕಾಲು ಪಾಲು ತೊಂದರೆ ತಪ್ಪುತ್ತದೆ. ಇರುವೆ ಬಂದರೆ ಖಾರದ ಪುಡಿ, ಅರಿಸಿನ ಕಲಸಿದ ನೀರನ್ನು ತೊಟ್ಟಿಯ ಹೊರಗಿನ ನೆಲಕ್ಕೆ ಸುರಿಯುವುದುಂಟು, ಒಳಗೆ ಬೀಳಬಾರದು ಅಷ್ಟೇ. ಇರುವೆ ಮುತ್ತಿದೆ ಎಂದರೆ ತೊಟ್ಟಿ ಒಣಗಿದೆ ಎಂಬ ಸೂಚನೆಯೂ ಹೌದು.

ತಾಯಿ ತೊಟ್ಟಿ

ಹೀಗೆಲ್ಲ ಇರುವಾಗ ಮಾಡಬೇಕಾದ್ದು ಒಂದೇ: ಹುಳು ಬೆಳೆಸಲು ಬೇರೆಯದೇ ಒಂದು ತಾಯಿ ತೊಟ್ಟಿ ಇಟ್ಟುಕೊಳ್ಳುವುದು. ಇದು ದೊಡ್ಡದಿರಬೇಕಾಗಿಲ್ಲ. ಮನೆಯವರ ಕಣ್ಣಿಗೆ ದಿನವೂ ಬೀಳುವ ಜಾಗದಲ್ಲಿ, ಕೊಟ್ಟಿಗೆಯ ಮೂಲೆಯಲ್ಲಿ, ಎರಡು ಮೂರು ಅಗಲವಾದ ಟಬ್ಬುಗಳಿದ್ದರೂ ಸಾಕು. ಆಳಕ್ಕಿಂತ ಅಗಲ ಮುಖ್ಯ, ಮೇಲ್ಪದರದ ಹುಳುಗಳಿಗೆ ಒಂದಡಿಗಿಂತ ಆಳದ ಜಾಗದಿಂದ ಪ್ರಯೋಜನವಿಲ್ಲ. ತಳದಲ್ಲಿ ನೀರು ಬಸಿಯಲು ತೂತು, ಅದರ ಮೇಲೆ ಇಟ್ಟಿಗೆ ಚೂರು ಅಥವಾ ತೆಂಗಿನ ಸಿಪ್ಪೆ. ಅದರ ಮೇಲೆ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ, ಚೂರು ಮಾಡಿದ ಬಾಳೆ ದಿಂಡು, ಭತ್ತದ ಹುಲ್ಲು, ಅರ್ಧ ಕಳಿತ ತರಗು, ಯಾವುದು ಸಿಗುತ್ತದೋ ಅದು. ಸಡಿಲವಾಗಿರಬೇಕು, ಹುಳು ಕೂಡಲು, ಕೋಶ ಇಡಲು ಸಂದುಗೊಂದು ಬೇಕು. ಮೇಲೆ ತಣಿದ ಸಗಣಿ ಎರಡು ಬೆರಳು ದಪ್ಪ. ಅದು ಮುಗಿಯುತ್ತ ಬಂದಾಗ ಮತ್ತೆ ಅಷ್ಟೇ. ಒಂದೇ ಸಲ ರಾಶಿ ಹಾಕಿದರೆ ಬಿಸಿಯಾಗುತ್ತದೆ, ಹುಳಿಯಾಗುತ್ತದೆ. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ತೆಂಗಿನ ಗರಿಯನ್ನೇ ಗೊಬ್ಬರ ಮಾಡುವ ವಿಧಾನ ರೂಪಿಸಿದಾಗ ಬಳಸಿದ್ದು ಅಲ್ಲಿಯೇ ಸಿಕ್ಕ ಯೂಡ್ರಿಲಸ್‌ನ ಸ್ಥಳೀಯ ತಳಿಯನ್ನು. ಗಟ್ಟಿ ಗರಿಗೆ ಸಗಣಿ ಬಗ್ಗಡದ ಸಹಾಯ ಕೊಟ್ಟು ಹಳಸಿಸಿ ಆಮೇಲೆ ಹುಳು ಬಿಡುವುದು ಅವರ ಕ್ರಮ. ನಾರು ಹೆಚ್ಚಿರುವ ತಿನಿಸಿನ ಜೊತೆ ಸಗಣಿ ಇರಲೇಬೇಕೆಂಬುದು ಹುಳು ಬೆಳೆಸುವವರಿಗೆ ಅದರಿಂದ ಸಿಗುವ ಪಾಠ.

ತಾಯಿ ತೊಟ್ಟಿಗೆ ಚದರ ಮೀಟರಿಗೆ ಅರ್ಧ ಕಿಲೋದಿಂದ ಒಂದು ಕಿಲೋ ಹುಳು ಬಿಟ್ಟು ಆರಂಭಿಸಿ. ಎರಡು ಪಟ್ಟಾಗಿದೆ ಎನಿಸಿದ ಕೂಡಲೇ ಅರ್ಧ ತೆಗೆದು ಗೊಬ್ಬರದ ತೊಟ್ಟಿಗೆ ಸಾಗಿಸಿ. ಪೂರ್ತಿ ತುಂಬುವವರೆಗೆ ಕಾಯಬಾರದು. ತೆಗೆಯುವಾಗ ಹುಳುವನ್ನಷ್ಟೇ ಹೆಕ್ಕದೆ ಅದರ ಹಾಸಿನ ಸಮೇತ ಬುಟ್ಟಿಗೆ ತುಂಬಿ ಒಯ್ದರೆ ಕೋಶ, ಮರಿಗಳೂ ಜೊತೆಗೆ ಹೋಗುತ್ತವೆ. ಹೊಸ ಜಾಗಕ್ಕೆ ಒಗ್ಗಿಕೊಳ್ಳುವುದೂ ಅವಕ್ಕೆ ಸುಲಭ. ಬೇರೆಯವರಿಂದ ಹುಳು ಕೊಳ್ಳುವಾಗಲೂ ತೊಳೆದು ತೂಗಿದ ದೊಡ್ಡ ಹುಳುಗಳಿಗಿಂತ ಎಲ್ಲ ವಯಸ್ಸಿನ ಹುಳು, ಕೋಶ ಇರುವ ಒಂದು ಮಂಕರಿ ಹಾಸು ಕೊಡಿ ಎಂದು ಕೇಳುವುದು ಜಾಣತನ. ದೊಡ್ಡ ಹುಳು ಸಾಗಾಟದ ಆಘಾತದಲ್ಲಿ ಸಾಯಬಹುದು, ಕೋಶ ಸಾಯುವುದು ಕಡಿಮೆ.

ಹುಳು ಹೆಚ್ಚಿಸುವ ಗುಟ್ಟೆಂದು ಬೆಲ್ಲ, ಮಜ್ಜಿಗೆ, ಹಿಟ್ಟು, ಹಿಂಡಿ ಎಂದೆಲ್ಲ ಹೇಳುವುದುಂಟು. ಧಾನ್ಯದ ಹಿಟ್ಟು ಚಿಟಿಕೆಯಷ್ಟು ಉದುರಿಸಿದರೆ ಹುಳು ಮೈ ತುಂಬಿಕೊಳ್ಳುತ್ತವೆ ಎಂಬುದು ನಿಜ. ಜಾಸ್ತಿಯಾದರೆ ಹುಳಿತು, ಮೈ ಗಂಟು ಗಂಟಾಗಿ ಸಾಯುತ್ತವೆ ಎಂಬುದೂ ಅಷ್ಟೇ ನಿಜ. ಮೊಟ್ಟೆಯ ಸಿಪ್ಪೆಯ ಪುಡಿ ಹುಳಿಯನ್ನು ತಗ್ಗಿಸುತ್ತದೆ, ಬಳಸಬಹುದು. ನನ್ನ ಮಟ್ಟಿಗೆ ಇವ್ಯಾವುವೂ ತಣಿದ ಸಗಣಿ, ಸಮನಾದ ತೇವ, ನೆರಳು ಇವುಗಳ ಜಾಗ ತುಂಬುವುದಿಲ್ಲ. ಎರಡು ತುಂಡು ಮಾಡಿದರೆ ಎರಡು ಹುಳುವಾಗುತ್ತದೆ ಎಂಬ ಮಾತಂತೂ ಸುಳ್ಳು. ಬಾಲ ಕಳೆದುಕೊಂಡ ಹುಳು ಬಾಲ ಬೆಳೆಸಿಕೊಳ್ಳಬಲ್ಲದು, ಪೆರಿಯೋನಿಕ್ಸ್‌ಗೆ ಈ ಶಕ್ತಿ ಉಳಿದವಕ್ಕಿಂತ ಬಹಳ ಹೆಚ್ಚು. ಹಾಗೆಂದು ಗುದ್ದಲಿಯಿಂದ ಸಂತತಿ ಹೆಚ್ಚುವುದಿಲ್ಲ. ತೊಟ್ಟಿಯನ್ನು ಮಗುಚಲು ಕೈ ಅಥವಾ ಮೊಂಡು ಹಲ್ಲಿನ ಕುಂಟೆ ಬಳಸಿ.

ಜರಡಿಯಲ್ಲಿ ಸೋರುವ ಸಂತತಿ

ನಾನು ಎಲ್ಲಕ್ಕಿಂತ ದೊಡ್ಡ ನಷ್ಟ ಎಂದು ಎಣಿಸುವುದು ಗೊಬ್ಬರ ತೆಗೆಯುವ ದಿನದ್ದು. ರೂಢಿಯ ಕ್ರಮ ಹೀಗಿದೆ: ನಾಲ್ಕೈದು ದಿನ ನೀರು ನಿಲ್ಲಿಸುವುದು, ಗೊಬ್ಬರವನ್ನು ಬೆಳಕಿನಲ್ಲಿ ಗುಡ್ಡೆ ಹಾಕುವುದು, ಬೆಳಕಿಗೆ ಹೆದರಿ ಹುಳು ತಳ ಸೇರಿದ ಮೇಲೆ ಮೇಲಿನಿಂದ ಬಾಚಿ ಜರಡಿ ಹಿಡಿಯುವುದು, ಚೀಲ ತುಂಬುವುದು. ದೊಡ್ಡ ಹುಳು ಉಳಿದವು ಎಂದು ನೆಮ್ಮದಿ. ಆದರೆ ಎರಡೂವರೆ ತಿಂಗಳು ಆ ಹುಳುಗಳು ಇಟ್ಟ ಕೋಶಗಳಲ್ಲಿ ಇನ್ನೂ ಒಡೆಯದವು, ಒಡೆದು ಬಂದ ದಾರದಂಥ ಮರಿಗಳು, ಜರಡಿಯ ಕಣ್ಣಿನಿಂದ ಇಳಿದು ಚೀಲ ಸೇರಿರುತ್ತವೆ. ಕೋಶ ತಳಕ್ಕೆ ಓಡುವುದಿಲ್ಲವಲ್ಲ. ಮುಂದಿನ ತಲೆಮಾರಿನ ದೊಡ್ಡ ಪಾಲನ್ನು ಹೀಗೆ ನಾವೇ ಚೀಲ ಹೊಲಿದು ಗದ್ದೆಗೆ, ಇಲ್ಲವೇ ಪೇಟೆಗೆ ಕಳಿಸುತ್ತೇವೆ. ಉಳಿದ ಹಳೆಯ ಹುಳುಗಳು ಒಂದೆರಡು ವರ್ಷ ದುಡಿದು ಸಾಯುತ್ತವೆ. ಮೂರನೆಯ ವರ್ಷ ಹುಳು ಕಮ್ಮಿಯಾಗುವುದಕ್ಕೆ ಇದಕ್ಕಿಂತ ಬೇರೆ ಕಾರಣ ಹುಡುಕಬೇಕಾಗಿಲ್ಲ.

ತಪ್ಪಿಸುವುದು ಕಷ್ಟವಲ್ಲ. ಜರಡಿ ಹಿಡಿದ ಗೊಬ್ಬರವನ್ನು ತೇವ ಆರದಂತೆ ನೆರಳಿನಲ್ಲಿ ಮೂರು ವಾರ ಇಡಿ. ಅಷ್ಟರಲ್ಲಿ ಇದ್ದ ಕೋಶಗಳಲ್ಲಿ ಬಹುತೇಕ ಒಡೆಯುತ್ತವೆ. ಆಮೇಲೆ ಅಲ್ಲಲ್ಲಿ ಮುಷ್ಟಿ ಗಾತ್ರದ ಸಗಣಿ ಉಂಡೆ ಹುಗಿದು ಒಂದು ದಿನ ಬಿಟ್ಟರೆ ಮರಿಗಳು ತಿನಿಸು ಹುಡುಕಿಕೊಂಡು ಉಂಡೆಗೆ ಬಂದು ಸೇರುತ್ತವೆ. ಉಂಡೆಗಳನ್ನು ಎತ್ತಿ ತಾಯಿ ತೊಟ್ಟಿಗೆ ಹಾಕಿ. ಎರಡು ಮೂರು ಸಲ ಹೀಗೆ ಮಾಡಿದರೆ ಗೊಬ್ಬರವೂ ಹದವಾಗುತ್ತದೆ, ಸಂತತಿಯೂ ಉಳಿಯುತ್ತದೆ. ಅಷ್ಟು ಪುರಸೊತ್ತಿಲ್ಲದವರು ಇನ್ನೊಂದು ದಾರಿ ಹಿಡಿಯಬಹುದು. ತೊಟ್ಟಿಯನ್ನು ಅಡ್ಡಗೋಡೆಯಿಂದ ಎರಡು ಭಾಗ ಮಾಡಿ, ಗೋಡೆಯಲ್ಲಿ ತೂತು ಬಿಡುವುದು. ಒಂದು ಕಡೆ ತಿನಿಸು ಮುಗಿಯುತ್ತ ಬಂದಾಗ ಇನ್ನೊಂದು ಕಡೆ ಹೊಸದು ತುಂಬಿದರೆ ಹುಳುಗಳೇ ದಾಟುತ್ತವೆ. ಹಳೆಯ ಭಾಗವನ್ನು ಮೂರು ನಾಲ್ಕು ವಾರ ಮುಟ್ಟದೆ ತೇವವಾಗಿಟ್ಟರೆ ತಡವಾಗಿ ಹುಟ್ಟಿದ ಮರಿಗಳೂ ಅದೇ ದಾರಿ ಹಿಡಿಯುತ್ತವೆ.

ಯಾವ ಹುಳು ಸರಿ ಎಂಬ ವಾದ ಮುಗಿದಿಲ್ಲ. ಚೆನ್ನೈನ ಎರೆಹುಳು ತಜ್ಞ ಡಾ. ಸುಲ್ತಾನ್ ಇಸ್ಮಾಯಿಲ್ ಸ್ಥಳೀಯ ಜಾತಿಗಳಾದ ಪೆರಿಯೋನಿಕ್ಸ್ ಮತ್ತು ಲ್ಯಾಂಪಿಟೋ ಮಾರಿಟಿಯನ್ನೇ ಬಳಸಬೇಕೆಂದು ಮೊದಲಿನಿಂದ ಹೇಳುತ್ತ ಬಂದವರು. ನೈಸರ್ಗಿಕ ಕೃಷಿಯ ಪ್ರತಿಪಾದಕ ಸುಭಾಷ್ ಪಾಳೇಕರ್ ವಿದೇಶಿ ಹುಳುಗಳನ್ನು ಕಟುವಾಗಿ ವಿರೋಧಿಸಿ, ಜೀವಾಮೃತ, ಮುಚ್ಚಿಗೆಗಳಿಂದ ನೆಲದ ಹುಳುಗಳನ್ನೇ ಮೇಲೆ ತರಬೇಕೆನ್ನುತ್ತಾರೆ. ಐಸೀನಿಯಾ ವಿಷಕಾರಿ ಎಂಬಷ್ಟು ದೂರ ಹೋಗುವ ವಾದವನ್ನು ನಾನು ಒಪ್ಪುವುದಿಲ್ಲ. ಸಗಣಿಯಿಲ್ಲದ ಬರಿ ಹೊಲದಲ್ಲಿ ಅದು ಹೆಚ್ಚು ದಿನ ಬಾಳುವ ಹುಳುವೂ ಅಲ್ಲ. ಆದರೆ ಹೊರಗಿನ ಹುಳು ಹರಡುವ ಆತಂಕಕ್ಕೆ ಆಧಾರವಿಲ್ಲದಿಲ್ಲ. ದಕ್ಷಿಣ ಅಮೆರಿಕದಿಂದ ಬಂದ ಪಾಂಟೋಸ್ಕೋಲೆಕ್ಸ್ ಎಂಬ ಎರೆಹುಳು ಪಶ್ಚಿಮ ಘಟ್ಟದ ತೋಟಗಳಲ್ಲಿ ಇಂದು ಬೀಡುಬಿಟ್ಟಿದೆ. ಹೀಗಾಗಿ ಕಾಡಿನ ಅಂಚಿನಲ್ಲಿ ತೋಟವಿರುವವರು ತಮ್ಮ ಸಗಣಿ ಗುಂಡಿಯಲ್ಲಿ ತಾನಾಗಿ ಬಂದು ಸೇರಿದ ಪೆರಿಯೋನಿಕ್ಸ್ ಹುಳುಗಳನ್ನೇ ತಾಯಿ ತೊಟ್ಟಿಗೆ ಬಿಟ್ಟು ಬೆಳೆಸುವುದು ಒಳ್ಳೆಯದು ಎಂಬುದು ನನ್ನ ನಿಲುವು. ಸೆಖೆಗೆ ಅದು ಗಟ್ಟಿ, ಕೋಶ ಫಲಿಸುವ ಪ್ರಮಾಣವೂ ಹೆಚ್ಚು. ಓಡಿಹೋಗುವ ಚಾಳಿಗೆ ಮಳೆಯ ರಾತ್ರಿ ಗೋಣಿತಾಟನ್ನು ಅಂಚಿಗೆ ಬಿಗಿಯಾಗಿ ಸಿಕ್ಕಿಸಿದರೆ ಸಾಕು.

ಹುಳು ತರಲು ಹಣ ಹೊಂದಿಸುವ ಮೊದಲು ಒಂದು ಕೆಲಸ ಮಾಡಿ. ನಿಮ್ಮ ತೊಟ್ಟಿಯಿಂದ ಒಂದು ಬೊಗಸೆ ತೆಗೆದು ಬಿಳಿಯ ತಟ್ಟೆಯ ಮೇಲೆ ಹರಡಿ, ಪಟ್ಟಿಯಿರುವ ಹುಳು, ಕೋಶ, ಬಿಳಿ ಮರಿ ಮೂರನ್ನೂ ಬೇರೆ ಬೇರೆ ಎಣಿಸಿ. ಪಟ್ಟಿಯ ಹುಳುವಿದ್ದು ಕೋಶವಿಲ್ಲದಿದ್ದರೆ ತಿನಿಸಿನಲ್ಲೋ ವಿಷದಲ್ಲೋ ತೊಂದರೆಯಿದೆ. ಕೋಶವಿದ್ದು ಮರಿಯಿಲ್ಲದಿದ್ದರೆ ತೇವ, ಬಿಸಿ ನೋಡಿ. ಮೂರೂ ಇದ್ದರೆ ಹುಳು ಕೊಳ್ಳಬೇಕಾಗಿಲ್ಲ, ಈ ಸಲದ ಗೊಬ್ಬರವನ್ನು ಮೂರು ವಾರ ತಡೆದು ಚೀಲಕ್ಕೆ ತುಂಬಿ.